ಗೋಡೆಯಿಲ್ಲದ ಮಠ

ಆಸ್ಪತ್ರೆಯ ಪರಿಚಯವುಳ್ಳವರೆಲ್ಲರೂ ಬಲ್ಲ ಮಾತೊಂದುಂಟು. ರೋಗಿಯ ಮಂಚದ ಬಳಿಗೆ ಬಂದು ನಾಡಿ ಹಿಡಿದು ನೋಡುವ ದಾದಿಯನ್ನು ನಮ್ಮ ಜನರು, ಇಂಗ್ಲೀಷಿನ ಗಂಧವೇ ಇಲ್ಲದವರು ಸಹ, "ಸಿಸ್ಟರ್" ಎಂದು ಕರೆಯುತ್ತಾರೆ. ಆಕೆ ಯಾವ ಮತದವಳಾದರೂ ಆಗಿರಬಹುದು. ಮದುವೆಯಾಗಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದವಳಾಗಿರಬಹುದು. ಆದರೂ ಆಕೆ "ಸಿಸ್ಟರ್." ಅಕ್ಕ ಎಂದೋ ತಂಗಿ ಎಂದೋ ಅರ್ಥವಾಗುವ ಈ ಮಾತು ಆಸ್ಪತ್ರೆಗೆ ಬಂದದ್ದು ಕ್ರೈಸ್ತ ವ್ರತಸ್ಥೆಯರ ಕಡೆಯಿಂದ ಎಂಬುದು ಅನೇಕರಿಗೆ ತಿಳಿದೇ ಇದೆ. ಅಷ್ಟಾಗಿ ತಿಳಿಯದ ಸಂಗತಿ ಮತ್ತೊಂದಿದೆ. ಒಂದು ಕಾಲದಲ್ಲಿ ಇಂಥ ವ್ರತಸ್ಥೆ ಬಡವರ ಮನೆಯ ಬಾಗಿಲಿಗೆ ಬರುವುದು ಹಾಗಿರಲಿ, ತನ್ನ ಮಠದ ಹೊಸಿಲನ್ನು ದಾಟುವುದೇ ಶಾಸ್ತ್ರಕ್ಕೆ ವಿರುದ್ಧವಾಗಿತ್ತು. ಅವಳು ಹೊಸಿಲು ದಾಟಿ ಬೀದಿಗೆ ಬಂದ ಬಗೆಯನ್ನು, ಅದರಲ್ಲಿಯೂ ಫ್ರಾನ್ಸ್ ದೇಶದ ಒಂದು ಸಮುದಾಯದವರು ಅದಕ್ಕಾಗಿ ಹೂಡಿದ ಉಪಾಯವನ್ನು, ಶ್ರೋತೃಗಳ ಮುಂದೆ ಇಡಬೇಕೆಂದು ನಾವು ಉದ್ದೇಶಿಸಿದ್ದೇವೆ.

ಆ ಸಮುದಾಯದ ಹೆಸರನ್ನು ಕನ್ನಡದಲ್ಲಿ "ಕರುಣೆಯ ಪುತ್ರಿಯರು" ಎನ್ನಬಹುದು. ಇಂಗ್ಲೀಷಿನಲ್ಲಿ ಡಾಟರ್ಸ್ ಆಫ್ ಚಾರಿಟಿ ಎಂದು ಅವರು ಪ್ರಸಿದ್ಧರು. ಅವರ ಕಥೆ ತಿಳಿಯಬೇಕಾದರೆ ಮೊದಲು ಅವರು ಎದುರಿಸಿದ ಗೋಡೆಯನ್ನು ನೋಡಬೇಕು.

ಕ್ರಿಸ್ತಶಕ 1563ರಲ್ಲಿ ಟ್ರೆಂಟ್ ಪಟ್ಟಣದಲ್ಲಿ ನೆರೆದಿದ್ದ ಕ್ಯಾಥೊಲಿಕ್ ಧರ್ಮಸಭೆಯು ತನ್ನ ಕಡೆಯ ಅಧಿವೇಶನದಲ್ಲಿ ಸಂನ್ಯಾಸಿನಿಯರ ವಿಷಯವಾಗಿ ಕಟ್ಟುನಿಟ್ಟಾದ ನಿಯಮವನ್ನು ಮಾಡಿತು. ದೀಕ್ಷೆ ವಹಿಸಿದ ಸ್ತ್ರೀ ಮಠದ ಆವರಣವನ್ನು ಬಿಟ್ಟು ಹೊರಗೆ ಹೋಗಕೂಡದು. ಹೊರಗಿನವರು ಒಳಗೆ ಬರಕೂಡದು. ಮೂರು ವರ್ಷಗಳ ತರುವಾಯ, 1566ರಲ್ಲಿ, ಐದನೆಯ ಪಯಸ್ ಪೋಪರು ಈ ನಿಯಮವನ್ನು ಇನ್ನೂ ಬಿಗಿ ಮಾಡಿದರು. ಅದುವರೆಗೆ ಮಠಕ್ಕೂ ಮನೆಗೂ ನಡುವೆ ಹೇಗೋ ಬಾಳಿಕೊಂಡಿದ್ದ ವ್ರತಸ್ಥೆಯರ ಗುಂಪುಗಳೂ ಈ ಆವರಣಕ್ಕೆ ಒಳಪಡಬೇಕೆಂದು ಅವರ ಆಜ್ಞೆಯಾಯಿತು. ನಮ್ಮ ದೇಶದಲ್ಲಿ ಗೋಷಾ ಎಂದರೆ ಏನೆಂದು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಬಂದವರೊಡನೆ ಮಾತನಾಡಬೇಕಾದರೆ ಕಬ್ಬಿಣದ ಸರಳುಗಳ ಹಿಂದಿನಿಂದ, ಪರದೆಯ ಮರೆಯಿಂದ. ಈ ನಿಯಮಕ್ಕೆ ಕಾರಣಗಳಿದ್ದುವು. ಮನಸ್ಸಿಲ್ಲದ ಹೆಣ್ಣುಮಕ್ಕಳನ್ನು ವರದಕ್ಷಿಣೆಯ ಖರ್ಚು ತಪ್ಪಿಸುವುದಕ್ಕಾಗಿ ಮಠಕ್ಕೆ ನೂಕುತ್ತಿದ್ದ ಶ್ರೀಮಂತರಿಂದ ಮಠಗಳಲ್ಲಿ ಶಿಥಿಲತೆ ಹಬ್ಬಿತ್ತೆಂಬುದು ಸುಳ್ಳಲ್ಲ. ಆದರೆ ತಪ್ಪು ಮಾಡಿದವರು ತಂದೆಯರಾದರೂ ಬೀಗ ಬಿದ್ದದ್ದು ಹೆಣ್ಣುಮಕ್ಕಳ ಬಾಗಿಲಿಗೆ.

ಇಲ್ಲಿ ಒಂದು ಮಾತನ್ನು ಸೇರಿಸುವುದು ನ್ಯಾಯ. ಪ್ಯಾರಿಸ್ ಪಟ್ಟಣದ ಓತೆಲ್ ದ್ಯೂ ಎಂಬ ಪುರಾತನ ಆಸ್ಪತ್ರೆಯಲ್ಲಿ ಅಗಸ್ಟೀನರ ಪಂಥದ ಸಂನ್ಯಾಸಿನಿಯರು ರೋಗಿಗಳ ಶುಶ್ರೂಷೆ ಮಾಡುತ್ತಲೇ ಇದ್ದರು. ಆದರೆ ಅದು ಆಸ್ಪತ್ರೆಯ ಒಳಗಣ ಸೇವೆ. ರೋಗಿ ಅವರ ಬಳಿಗೆ ಬರಬೇಕು; ಅವರು ರೋಗಿಯ ಬಳಿಗೆ ಹೋಗುವಂತಿರಲಿಲ್ಲ. ಒಂದೇ ಮಂಚದ ಮೇಲೆ ಹಲವು ರೋಗಿಗಳು ಮಲಗಬೇಕಾಗಿದ್ದ ಆ ಕಾಲದಲ್ಲಿ ಆಸ್ಪತ್ರೆಯೆಂದರೆ ಬಡವರು ನಡುಗುತ್ತಿದ್ದರು. ತಮ್ಮ ಗುಡಿಸಲಿನಲ್ಲಿಯೇ ಸಾಯುವುದು ಲೇಸೆಂದು ಎಣಿಸಿದವರಿಗೆ ಯಾರೂ ದಿಕ್ಕಿರಲಿಲ್ಲ.

ಗೋಡೆಯನ್ನು ದಾಟುವ ಪ್ರಯತ್ನಗಳು ನಡೆಯದೆ ಇರಲಿಲ್ಲ. 1610ರಲ್ಲಿ ಆನ್ಸಿ ಎಂಬ ಪಟ್ಟಣದಲ್ಲಿ ಫ್ರಾನ್ಸಿಸ್ ದ ಸಾಲ್ ಎಂಬ ಬಿಷಪ್ಪರೂ ಜೇನ್ ದ ಶಾಂತಾಲ್ ಎಂಬ ವಿಧವೆಯೂ ಕೂಡಿ ಒಂದು ಸಂಸ್ಥೆಯನ್ನು ತೆರೆದರು. ಮೇರಿ ಮಾತೆ ಗರ್ಭಿಣಿಯಾದ ತನ್ನ ಬಂಧುವನ್ನು ಕಾಣಲು ಹೋದ ಪ್ರಸಂಗದಿಂದ ಅದಕ್ಕೆ "ವಿಸಿಟೇಷನ್", ಅಂದರೆ ಭೇಟಿ, ಎಂದು ಹೆಸರಾಯಿತು. ಸಂಸ್ಥೆಯ ಸ್ತ್ರೀಯರು ಬಡರೋಗಿಗಳ ಮನೆಗಳಿಗೆ ಹೋಗಿಬರುತ್ತಿದ್ದರು. 1615ರಲ್ಲಿ ಲಿಯೋಂ ಪಟ್ಟಣದಲ್ಲಿ ಅದರ ಶಾಖೆಯಾಯಿತು. ಅಲ್ಲಿಯ ಆರ್ಚ್‌ಬಿಷಪ್ಪರು ಇದು ಸಲ್ಲದು, ಸಂನ್ಯಾಸಿನಿಯರಾದರೆ ಆವರಣದೊಳಗಿರಬೇಕು ಎಂದು ಪಟ್ಟುಹಿಡಿದರು. ಫ್ರಾನ್ಸಿಸರು ಸೌಮ್ಯ ಸ್ವಭಾವದವರು, ಒಪ್ಪಿಕೊಂಡರು. 1618ರ ಹೊತ್ತಿಗೆ ವಿಸಿಟೇಷನ್ ಸಂಸ್ಥೆಯು ಮಿಕ್ಕೆಲ್ಲ ಮಠಗಳಂತೆ ಗೋಡೆಯ ಒಳಗಾಯಿತು. ಭೇಟಿ ಎಂಬ ಹೆಸರು ಮಾತ್ರ ಉಳಿಯಿತು; ಭೇಟಿ ನಿಂತುಹೋಯಿತು.

ಸೌಮ್ಯವಲ್ಲದ ಪ್ರಯತ್ನವೂ ಒಂದು ನಡೆಯಿತು. ಇಂಗ್ಲೆಂಡಿನ ಮೇರಿ ವಾರ್ಡ್ ಎಂಬಾಕೆ 1609ರಿಂದ ಯೂರೋಪಿನ ಹಲವು ಪಟ್ಟಣಗಳಲ್ಲಿ ಹುಡುಗಿಯರಿಗೆ ವಿದ್ಯೆ ಕಲಿಸುವ ಸಂಸ್ಥೆಯನ್ನು ನಡಸುತ್ತ, ಆವರಣವೂ ಬೇಡ, ಬಿಷಪ್ಪರ ಅಧಿಕಾರವೂ ಬೇಡ, ಜೆಸುಯಿಟರಂತೆ ನೇರವಾಗಿ ಪೋಪರಿಗೆ ಮಾತ್ರ ನಡೆದುಕೊಳ್ಳುತ್ತೇವೆ ಎಂದು ಬಹಿರಂಗವಾಗಿಯೇ ಕೇಳಿದಳು. 1631ರಲ್ಲಿ ಎಂಟನೆಯ ಅರ್ಬನ್ ಪೋಪರು ಆ ಸಂಸ್ಥೆಯನ್ನು ರದ್ದುಮಾಡಿದರು. ಮೇರಿಯನ್ನು ಮ್ಯೂನಿಕ್ಕಿನ ಒಂದು ಮಠದಲ್ಲಿ ಸೆರೆಯಲ್ಲಿಟ್ಟರು. ಅಲ್ಲಿಂದ ಆಕೆ ನಿಂಬೆಹಣ್ಣಿನ ರಸದಿಂದ ಗುಟ್ಟಿನ ಕಾಗದಗಳನ್ನು ಬರೆದು ಸಂಗಡಿಗರಿಗೆ ಕಳುಹಿಸುತ್ತಿದ್ದಳು. ಕಾಗದವನ್ನು ಬೆಂಕಿಯ ಕಾವಿಗೆ ಹಿಡಿದರೆ ಅಕ್ಷರ ಮೂಡುತ್ತಿತ್ತು. ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ.

ಒಪ್ಪಿದವರು ಒಳಗಾದರು, ಎದುರಿಸಿದವರು ಸೆರೆಯಾದರು. ಮೂರನೆಯ ದಾರಿಯನ್ನು ಕಂಡುಹಿಡಿದವರು ಒಬ್ಬ ರೈತನ ಮಗನೂ ಒಬ್ಬ ವಿಧವೆಯೂ ಒಬ್ಬ ದನಕಾಯುವ ಹುಡುಗಿಯೂ.

ರೈತನ ಮಗ ವಿನ್ಸೆಂಟ್ ಡಿ ಪಾಲ್. ಫ್ರಾನ್ಸಿನ ದಕ್ಷಿಣದ ಗಾಸ್ಕನಿ ಸೀಮೆಯಲ್ಲಿ 1581ರಲ್ಲಿ ಹುಟ್ಟಿ, ಹುಡುಗತನದಲ್ಲಿ ದನಕುರಿಗಳನ್ನು ಕಾದು, ಚೆನ್ನಾಗಿ ಓದಿಸಿದರೆ ಸಂಸಾರಕ್ಕೆ ಆಧಾರವಾದಾನು ಎಂಬ ಆಸೆಯಿಂದ ಪಾದ್ರಿಯ ವೃತ್ತಿಗೆ ಕಳುಹಿಸಲ್ಪಟ್ಟವರು. 1617ರಲ್ಲಿ ಅವರು ಶಾತಿಯೋಂ ಎಂಬ ಊರಿನ ಪಾದ್ರಿಯಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಪೂಜೆಗೆ ಉಡುಪು ತೊಡುತ್ತಿದ್ದಾಗ, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ ಎಂದು ಯಾರೋ ಬಂದು ಹೇಳಿದರು. ಪ್ರಸಂಗದಲ್ಲಿ ವಿನ್ಸೆಂಟರು ಆ ವಿಷಯವನ್ನು ಪ್ರಸ್ತಾಪಿಸಿದರು. ಮಧ್ಯಾಹ್ನ ತಾವೇ ಹೊರಟು ನೋಡುತ್ತಾರೆ, ದಾರಿಯುದ್ದಕ್ಕೂ ಜನ. ರೊಟ್ಟಿ, ಮಾಂಸ, ಹಣ್ಣು ಹೊತ್ತುಕೊಂಡು ಹೋಗುವವರು ಕೆಲವರು, ಕೊಟ್ಟು ಬರುವ ದಾರಿಯಲ್ಲಿ ಮರದ ನೆರಳಿನಲ್ಲಿ ಕುಳಿತು ಸುಧಾರಿಸಿಕೊಳ್ಳುವವರು ಕೆಲವರು. ಬೇರೆ ಯಾರಾದರೂ ಆಗಿದ್ದರೆ ಆನಂದಬಾಷ್ಪ ಸುರಿಸಿ ಅಷ್ಟಕ್ಕೆ ಬಿಡುತ್ತಿದ್ದರು. ವಿನ್ಸೆಂಟರು ರೈತರ ಮನೆಯವರು. ಇಷ್ಟು ಪದಾರ್ಥ ಇಂದು ಒಂದೇ ದಿನ ಬಂದರೆ ಅರ್ಧ ಕೆಟ್ಟುಹೋಗುತ್ತದೆ, ನಾಳೆ ಮತ್ತೆ ಆ ಮನೆಯವರು ಉಪವಾಸ ಎಂಬುದು ಅವರಿಗೆ ಹೊಳೆಯಿತು. ಇಲ್ಲಿ ಕರುಣೆಗೆ ಕೊರತೆಯಿಲ್ಲ, ವ್ಯವಸ್ಥೆಗೆ ಕೊರತೆ. ಕೆಲವು ದಿನಗಳಲ್ಲಿಯೇ ಅವರು ಊರ ಹೆಂಗಸರನ್ನು ಸೇರಿಸಿ ಒಂದು ಸಂಘವನ್ನು ಮಾಡಿ, ಸರದಿಯ ಮೇಲೆ ದಿನಕ್ಕೊಬ್ಬರು ಅಡಿಗೆ ಮಾಡಿ ಕೊಂಡೊಯ್ಯಬೇಕೆಂದು ಕಟ್ಟಳೆ ಬರೆದರು. ಆ ಕಟ್ಟಳೆಯಲ್ಲಿ ನಮಗೆ ಬಹಳ ಹಿಡಿಸಿದ ಒಂದು ಸಂಗತಿಯಿದೆ. ಬಡಿಸಲು ಹೋದವಳು ಹತ್ತಿರದವರು ಯಾರಾದರೂ ಇರುವ ರೋಗಿಯಿಂದ ಆರಂಭಿಸಿ, ಯಾರೂ ಇಲ್ಲದ ಒಂಟಿ ರೋಗಿಯ ಬಳಿಗೆ ಕಡೆಯಲ್ಲಿ ಹೋಗಬೇಕಂತೆ. ಏಕೆಂದರೆ ಅಲ್ಲಿ ಹೆಚ್ಚು ಹೊತ್ತು ಕುಳಿತಿರಬಹುದು.

ಇಂಥ ಸಂಘಗಳು ಊರೂರಿಗೆ ಹಬ್ಬಿದುವು, ಪ್ಯಾರಿಸಿಗೂ ಬಂದುವು. ಅಲ್ಲಿ ತೊಡಕು ಹುಟ್ಟಿತು. ರಾಜಧಾನಿಯ ಸಂಘಕ್ಕೆ ಸೇರಿದವರು ದೊಡ್ಡ ದೊಡ್ಡ ಮನೆತನದ ಸ್ತ್ರೀಯರು. ಹಣ ಕೊಡುವುದರಲ್ಲಿ ಅವರು ಹಿಂದೆಗೆಯಲಿಲ್ಲ. ಆದರೆ ಸಾರಿನ ಪಾತ್ರೆಯನ್ನು ಹಿಡಿದುಕೊಂಡು ಐದಂತಸ್ತಿನ ಕತ್ತಲ ಮೆಟ್ಟಿಲು ಹತ್ತಬೇಕೆಂದರೆ ಗಂಡಂದಿರು ಬೇಡವೆಂದರು. ಸೋಂಕು ತಗುಲೀತೆಂಬ ಭಯವೂ ಇತ್ತು. ಸರದಿ ಬಂದ ದಿನ ದೊರೆಸಾನಿ ತನ್ನ ಆಳನ್ನು ಕಳುಹಿಸುತ್ತಿದ್ದಳು. ಆಳು ಬೈದುಕೊಂಡು ಹೋಗಿ ಪಾತ್ರೆಯನ್ನು ಕುಕ್ಕಿ ಬರುತ್ತಿದ್ದಳು. ಮಹಿಳಾ ಸಮಾಜಗಳ ವಾರ್ಷಿಕ ವರದಿಗಳನ್ನು ಓದಿಬಲ್ಲ ನಮ್ಮ ಶ್ರೋತೃಗಳು ಇದನ್ನು ಕೇಳಿ ಮುಗುಳ್ನಕ್ಕರೆ ಆಶ್ಚರ್ಯವಿಲ್ಲ.

ದನಕಾಯುವ ಹುಡುಗಿ ಬಂದದ್ದು ಈ ಸಂದರ್ಭದಲ್ಲಿ. ಪ್ಯಾರಿಸಿನ ಹೊರವಲಯದ ಸುರೇನ್ ಎಂಬ ಹಳ್ಳಿಯ ಮಾರ್ಗರೀತ್ ನಾಸೋ ಓದಬೇಕೆಂದು ಆಸೆಪಟ್ಟು, ಒಂದು ಅಕ್ಷರಮಾಲೆಯ ಪುಸ್ತಕವನ್ನು ಕೊಂಡು, ದನ ಮೇಯಿಸುತ್ತ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಈ ಅಕ್ಷರ ಯಾವುದು, ಈ ಮಾತಿನ ಅರ್ಥವೇನು ಎಂದು ಕೇಳಿ ಕೇಳಿ ಕಲಿತಳು. ಕಲಿತದ್ದನ್ನು ಸುತ್ತಲಿನ ಹಳ್ಳಿಗಳ ಹುಡುಗಿಯರಿಗೆ ಕಲಿಸಿದಳು. ಊರಿನವರು ಗೇಲಿ ಮಾಡಿದರು, ಬಿಡಲಿಲ್ಲ. 1630ರ ಸುಮಾರಿನಲ್ಲಿ ವಿನ್ಸೆಂಟರನ್ನು ಕಂಡು, ದೊಡ್ಡ ಮನೆಯವರು ಮಾಡಲಾರದ ಕೆಲಸವನ್ನು ತಾನು ಮಾಡುತ್ತೇನೆಂದಳು. ಅವಳನ್ನು ನೋಡಿ ಬೇರೆ ಹಳ್ಳಿಯ ಹುಡುಗಿಯರೂ ಬಂದರು. 1633ರಲ್ಲಿ ಪ್ಲೇಗಿನ ಸೋಂಕುಳ್ಳ ಒಬ್ಬ ಹೆಂಗಸಿಗೆ ತನ್ನ ಹಾಸಿಗೆಯಲ್ಲಿಯೇ ಜಾಗ ಕೊಟ್ಟು, ಆ ಸೋಂಕು ತಗುಲಿ, ಸಂತ ಲೂಯಿಯ ಆಸ್ಪತ್ರೆಗೆ ತಾನೇ ನಡೆದುಹೋಗಿ ಸತ್ತಳು. ಸಮುದಾಯವು ಇನ್ನೂ ಹುಟ್ಟಿರಲಿಲ್ಲ. ಆದರೂ ಮೊದಲನೆಯ ಪುತ್ರಿ ಇವಳೇ ಎಂದು ವಿನ್ಸೆಂಟರು ಕೊನೆಯವರೆಗೂ ಹೇಳುತ್ತಿದ್ದರು.

ಇನ್ನು ಆ ವಿಧವೆ, ಲೂಯೀಸ್ ದ ಮಾರಿಯಾಕ್. ಹುಟ್ಟಿದ್ದು 1591ರಲ್ಲಿ. ತಂದೆ ಪ್ರಸಿದ್ಧವಾದ ಕುಲದವನು. ತಾಯಿ ಯಾರೆಂಬುದಕ್ಕೆ ದಾಖಲೆಯೇ ಇಲ್ಲ. ಈ ಒಂದು ಮಾತಿನಲ್ಲಿ ಆಕೆಯ ಬಾಲ್ಯವೆಲ್ಲ ಅಡಗಿದೆ. ಪ್ವಾಸಿಯ ರಾಜಮಠದಲ್ಲಿ ಬೆಳೆದು, ತಾನೂ ಸಂನ್ಯಾಸಿನಿಯಾಗಬೇಕೆಂದು ಕಾಪುಚಿನ್ ಮಠದ ಬಾಗಿಲು ತಟ್ಟಿದರೆ, ನಿನ್ನ ದೇಹಕ್ಕೆ ಈ ತಪಸ್ಸು ತಡೆಯದೆಂದು ಹಿಂದಕ್ಕೆ ಕಳುಹಿಸಿದರು. 1613ರಲ್ಲಿ ಬಂಧುಗಳು ಆಕೆಯನ್ನು ರಾಣಿಯ ಕಾರ್ಯದರ್ಶಿಗಳಲ್ಲೊಬ್ಬನಾದ ಆಂತ್ವಾನ್ ಲ ಗ್ರಾನಿಗೆ ಕೊಟ್ಟು ಮದುವೆ ಮಾಡಿದರು. ಒಬ್ಬ ಮಗ ಹುಟ್ಟಿದ. ಗಂಡ ಬಹುಕಾಲ ರೋಗದಲ್ಲಿ ನರಳಿ 1625ರ ಡಿಸೆಂಬರಿನಲ್ಲಿ ತೀರಿಕೊಂಡ. ದೊಡ್ಡ ಅಧಿಕಾರದಲ್ಲಿದ್ದ ಚಿಕ್ಕಪ್ಪಂದಿರು ಮಂತ್ರಿ ರಿಷೆಲ್ಯೂವಿನ ವೈರ ಕಟ್ಟಿಕೊಂಡು, 1632ರಲ್ಲಿ ಒಬ್ಬನು ಸೆರೆಯಲ್ಲಿ ಸತ್ತ, ಮತ್ತೊಬ್ಬನ ತಲೆಯನ್ನೇ ತೆಗೆದರು. ಇಷ್ಟೆಲ್ಲ ಕಂಡ ಈ ಹೆಂಗಸು ಸ್ವಭಾವತಃ ಕಳವಳದವಳು. ಮಗನ ವಿಷಯವಾಗಿ ಆಕೆ ಪಡುತ್ತಿದ್ದ ಚಿಂತೆಯನ್ನು ಕುರಿತು ವಿನ್ಸೆಂಟರು ಕಾಗದಗಳಲ್ಲಿ ಹಾಸ್ಯಮಾಡುತ್ತಿದ್ದುದುಂಟು. ಇಂಥವಳಿಗೆ ಅವರು 1629ರಲ್ಲಿ ಹಳ್ಳಿಯ ಸಂಘಗಳನ್ನು ಪರೀಕ್ಷಿಸಿ ಬರುವ ಕೆಲಸವನ್ನು ಒಪ್ಪಿಸಿದರು. ಕುಲುಕಾಡುವ ಬಂಡಿಗಳಲ್ಲಿ ಊರೂರು ಸುತ್ತಿ, ಲೆಕ್ಕ ನೋಡಿ, ಜಗಳ ಬಿಡಿಸಿ, ಶಾಲೆ ತೆರೆದು ಬಂದಾಗ ಆಕೆಯ ಶಕ್ತಿ ಎಂಥದೆಂಬುದು ಇಬ್ಬರಿಗೂ ತಿಳಿಯಿತು. ಮಾರ್ಗರೀತಳನ್ನು ಹಿಂಬಾಲಿಸಿ ಬಂದ ಹುಡುಗಿಯರು ಅಲ್ಲೊಬ್ಬರು ಇಲ್ಲೊಬ್ಬರು ಚದರಿದ್ದಾರೆ, ಅವರನ್ನು ಒಂದುಕಡೆ ಇಟ್ಟು ತರಬೇತು ಮಾಡಬೇಕು ಎಂದು ಲೂಯೀಸಳು ಹಟಹಿಡಿದಳು. ನಿಧಾನಸ್ಥರಾದ ವಿನ್ಸೆಂಟರು ತಡಮಾಡಿದರು, ಕಡೆಗೆ ಒಪ್ಪಿದರು. 1633ನೆಯ ನವೆಂಬರ್ 29ನೆಯ ತೇದಿ ನಾಲ್ಕಾರು ಹಳ್ಳಿಯ ಹುಡುಗಿಯರು ಲೂಯೀಸಳ ಮನೆಗೆ ಬಂದು ಸೇರಿದರು. ಸಮುದಾಯದ ಜನ್ಮದಿನ ಅದೇ.

ಗೋಡೆಯನ್ನು ದಾಟಿದ ಉಪಾಯ ಎಂಥದು? ಅದು ಬಹಳ ಸರಳ. ಕಟ್ಟಳೆ ಇರುವುದು ಸಂನ್ಯಾಸಿನಿಯರಿಗೆ. ನಾವು ಸಂನ್ಯಾಸಿನಿಯರೇ ಅಲ್ಲ ಎಂದುಬಿಡುವುದು. ವಿನ್ಸೆಂಟರು ಪ್ಯಾರಿಸಿನ ವಿಸಿಟೇಷನ್ ಮಠಕ್ಕೆ 1622ರಿಂದ ಗುರುಗಳಾಗಿದ್ದವರು. ಫ್ರಾನ್ಸಿಸರ ಕನಸು ಹೇಗೆ ಗೋಡೆಯೊಳಗೆ ಮುಗಿಯಿತೆಂಬುದನ್ನು ಹತ್ತಿರದಿಂದ ಕಂಡವರು. ಆದಕಾರಣ ಪ್ರತಿಯೊಂದು ಮಾತಿನಲ್ಲಿಯೂ ಎಚ್ಚರ ವಹಿಸಿದರು. ಮಠ ಎನ್ನಕೂಡದು, ಮನೆ ಎನ್ನಬೇಕು. ಮುಸುಕಿಲ್ಲ, ಪ್ಯಾರಿಸಿನ ಸುತ್ತಲಿನ ಹಳ್ಳಿಯ ಹೆಂಗಸರು ಉಡುವ ಬೂದುಬಣ್ಣದ ಉಣ್ಣೆಯ ಉಡುಪು, ತಲೆಗೊಂದು ಬಿಳಿಯ ಬಟ್ಟೆ. ಸ್ವಂತ ದೇವಾಲಯವಿಲ್ಲ, ನೆರೆಯವರೆಲ್ಲ ಹೋಗುವ ಊರ ದೇವಾಲಯವೇ ಸಾಕು. ನೀವು ಸಂನ್ಯಾಸಿನಿಯರೋ ಎಂದು ಬಿಷಪ್ಪರು ಕೇಳಿದರೆ ಅಲ್ಲವೆಂದೇ ಉತ್ತರ ಕೊಡಬೇಕೆಂದು ವಿನ್ಸೆಂಟರು ಹುಡುಗಿಯರಿಗೆ ಮತ್ತೆ ಮತ್ತೆ ಹೇಳಿಕೊಟ್ಟರು. ಫ್ರೆಂಚಿನಲ್ಲಿ ಅವರ ಹೆಸರಿನ ಮೊದಲ ಮಾತು "ಫೀಯ್" ಎಂಬುದು. ಅದಕ್ಕೆ ಮಗಳು ಎಂದೂ ಅರ್ಥ, ಬರಿಯ ಹುಡುಗಿ ಎಂದೂ ಅರ್ಥ. ಯಾವ ಅಧಿಕಾರಿಗೆ ಯಾವ ಅರ್ಥ ಬೇಕೋ ಅದನ್ನು ತೆಗೆದುಕೊಳ್ಳಬಹುದಾಗಿತ್ತು.

1642ನೆಯ ಮಾರ್ಚ್ 25ನೆಯ ತೇದಿ ಲೂಯೀಸಳೂ ಇನ್ನು ನಾಲ್ವರೂ ಬಡತನ, ಬ್ರಹ್ಮಚರ್ಯ, ವಿಧೇಯತೆ, ಬಡವರ ಸೇವೆ ಎಂಬ ವ್ರತಗಳನ್ನು ಕೈಕೊಂಡರು. ವ್ರತ ಹಿಡಿದ ಮೇಲೆ ಸಂನ್ಯಾಸಿನಿಯಲ್ಲವೆನ್ನುವುದು ಹೇಗೆ? ಇದು ಸಂಘದ ಮುಂದೆ ವಿಧಿಪೂರ್ವಕವಾಗಿ ಕೊಟ್ಟ ದೀಕ್ಷೆಯಲ್ಲ, ದೇವರಿಗೂ ತಮಗೂ ನಡುವಣ ಖಾಸಗಿ ಮಾತು ಎಂಬುದು ಅವರ ಸಮಾಧಾನ. ಬರಬರುತ್ತ ವರ್ಷಕ್ಕೊಮ್ಮೆ, ಒಂದು ವರ್ಷದ ಮಟ್ಟಿಗೆ ಮಾತ್ರ, ವ್ರತವನ್ನು ತೊಡುವ ಪದ್ಧತಿ ನೆಲೆಗೊಂಡಿತು. ಇದನ್ನು ಜಾಣತನವೆನ್ನಬೇಕೋ ಕಪಟವೆನ್ನಬೇಕೋ ಎಂದು ಯಾರಾದರೂ ಕೇಳಬಹುದು. ಸುಳ್ಳು ಅವರು ಹೇಳಲಿಲ್ಲ. ಹೆಸರಿನಿಂದ ದೊರೆಯುವ ಗೌರವವನ್ನು ಬಿಟ್ಟುಕೊಟ್ಟು ಕಾಲಿಗೆ ಬೇಕಾದ ಸ್ವಾತಂತ್ರ್ಯವನ್ನು ಕೊಂಡುಕೊಂಡರು ಎಂದೇ ನಮ್ಮ ಎಣಿಕೆ. ಆ ಗೌರವವಾದರೂ ಅಲ್ಪವಾಗಿರಲಿಲ್ಲ. ಸಂನ್ಯಾಸಿನಿಯೆಂದರೆ ಆ ಕಾಲದ ಜನರಿಗೆ ಬಹಳ ಆದರವಿತ್ತು. ಸಾರಿನ ಪಾತ್ರೆ ಹೊತ್ತ ಹಳ್ಳಿಯ ಹುಡುಗಿಯನ್ನು ಕಂಡರೆ ಬೀದಿಯ ಹುಡುಗರು ಗೇಲಿ ಮಾಡುತ್ತಿದ್ದರು.

ಅವರ ದಿನಚರಿ ಬೆಳಗಿನ ನಾಲ್ಕು ಗಂಟೆಗೆ ಆರಂಭವಾಗುತ್ತಿತ್ತು. ಪ್ರಾರ್ಥನೆ, ಪೂಜೆ, ಆಮೇಲೆ ರೋಗಿಗಳ ಮನೆ. ಔಷಧ ಅರೆಯುವುದು, ರಕ್ತ ತೆಗೆಯುವುದು, ಹುಣ್ಣು ಕಟ್ಟುವುದು ಇವನ್ನೆಲ್ಲ ಕಲಿತರು. ಬಿಡುವಿದ್ದಾಗ ತಾವು ಅಕ್ಷರ ಕಲಿತು ಹುಡುಗಿಯರಿಗೆ ಕಲಿಸಿದರು. ಪ್ರಾರ್ಥನೆಯ ನಡುವೆ ರೋಗಿಯ ಕರೆ ಬಂದರೆ ಪ್ರಾರ್ಥನೆಯನ್ನು ಬಿಟ್ಟೇಳಬೇಕು. ಅದು ದೇವರನ್ನು ಬಿಟ್ಟಂತಲ್ಲ ಎಂಬುದು ವಿನ್ಸೆಂಟರ ಉಪದೇಶ. 1638ರಲ್ಲಿ ತೊರೆದ ಶಿಶುಗಳ ಕೆಲಸ ಬಂತು. ಪ್ಯಾರಿಸಿನಲ್ಲಿ ವರ್ಷಕ್ಕೆ 300-400 ಹಸುಗೂಸುಗಳನ್ನು ಬೀದಿಯಲ್ಲಿ, ದೇವಾಲಯದ ಬಾಗಿಲಲ್ಲಿ ಬಿಟ್ಟುಹೋಗುತ್ತಿದ್ದರು. ಅವುಗಳನ್ನು ಸೇರಿಸುತ್ತಿದ್ದ ಮನೆಯಲ್ಲಿ ಅಳು ನಿಲ್ಲಿಸುವುದಕ್ಕೆ ಮದ್ದು ಕುಡಿಸುತ್ತಿದ್ದರು, ಕೆಲವನ್ನು ಮಾರುತ್ತಿದ್ದರು, ಬದುಕಿ ಬೆಳೆದದ್ದು ಇಲ್ಲವೆನ್ನುವಷ್ಟು ಕಡಮೆ. ಎಲ್ಲವನ್ನೂ ಸಾಕಲು ಹಣವಿಲ್ಲ. ಸಂಘದವರು ಚೀಟಿ ಹಾಕಿ 12 ಕೂಸುಗಳನ್ನು ಆರಿಸಿ ತಂದು ಲೂಯೀಸಳ ಕೈಗೆ ಕೊಟ್ಟರು. ಉಳಿದ ಕೂಸುಗಳನ್ನು ಹಿಂದೆ ಬಿಟ್ಟು ಬಂದ ಆ ಚೀಟಿಯ ನೆನಪು ಅವರನ್ನು ಕಾಡಿತೆಂದು ಕಾಣುತ್ತದೆ. ಎರಡು ವರ್ಷಗಳಲ್ಲಿ ಚೀಟಿಯ ಪದ್ಧತಿಯನ್ನು ಬಿಟ್ಟು ಎಲ್ಲ ಕೂಸುಗಳನ್ನೂ ತೆಗೆದುಕೊಳ್ಳಲು ತೊಡಗಿದರು.

ಹಳ್ಳಿಯ ಈ ಹುಡುಗಿಯರು ಎಂಥವರೆಂಬುದಕ್ಕೆ ಒಂದು ನಿದರ್ಶನ. ಬಾರ್ಬ್ ಆಂಜಿಬೂಸ್ತ್ ಎಂಬವಳನ್ನು 1636ರಲ್ಲಿ ಮಂತ್ರಿ ರಿಷೆಲ್ಯೂವಿನ ಸೋದರಸೊಸೆಯಾದ ಡಚೆಸ್ ದೇಗ್ವಿಯೋಂ ಎಂಬಾಕೆ ತನ್ನ ಅರಮನೆಗೆ ಕೇಳಿ ಕರೆಸಿಕೊಂಡಳು. ಬಾರ್ಬ್ ಅಲ್ಲಿ ಅಳುತ್ತ ನಿಂತಳು. ತಾನು ತಂದೆಯ ಮನೆ ಬಿಟ್ಟದ್ದು ಬಡವರಿಗಾಗಿ. ತಾವು ಬಡವರಾಗಿದ್ದರೆ ಸಂತೋಷದಿಂದ ಇರುತ್ತಿದ್ದೆ ಎಂದು ಆ ಮಹಾಶ್ರೀಮಂತೆಗೆ ಬಿನ್ನವಿಸಿದಳು. ಕೆಲವು ದಿನಗಳಲ್ಲಿ ಡಚೆಸ್ ಅವಳನ್ನು ಹಿಂದಕ್ಕೆ ಕಳುಹಿಸಿಕೊಡಬೇಕಾಯಿತು.

1640ರಲ್ಲಿ ಆಂಜೇ ಪಟ್ಟಣದ ಸಂತ ಯೊವಾನ್ನರ ಆಸ್ಪತ್ರೆ ಅವರ ಕೈಗೆ ಬಂತು. 1652ರಲ್ಲಿ ಮೂವರು ಪೋಲೆಂಡಿಗೆ ಹೊರಟರು. 1658ರಲ್ಲಿ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು ನಾಲ್ವರು ಕಾಲೇ ಬಂದರಿಗೆ ಹೋದರು. ಇಬ್ಬರು ಅಲ್ಲಿಯೇ ಸತ್ತರು. ಆ ಸುದ್ದಿ ಬಂದೊಡನೆ ತಮ್ಮನ್ನು ಕಳುಹಿಸಿರೆಂದು ಬೇರೆಯವರು ಮುಂದೆ ಬಂದರು.

ಈ ನಡುವೆ ಹೆಸರಿನ ಗಂಡಾಂತರ ಇನ್ನೊಮ್ಮೆ ತಲೆಯೆತ್ತಿತು. 1646ರಲ್ಲಿ ಪ್ಯಾರಿಸಿನ ಆರ್ಚ್‌ಬಿಷಪ್ಪರ ಕಡೆಯಿಂದ ಸಮುದಾಯಕ್ಕೆ ಮನ್ನಣೆ ದೊರೆಯಿತು. ಎಲ್ಲರೂ ಸಂತೋಷಪಟ್ಟರು, ಲೂಯೀಸಳೊಬ್ಬಳನ್ನು ಬಿಟ್ಟು. ಆ ಪತ್ರದಲ್ಲಿ ಸಮುದಾಯವು ಆರ್ಚ್‌ಬಿಷಪ್ಪರ ಅಧಿಕಾರಕ್ಕೆ ಒಳಪಟ್ಟಿದೆಯೆಂದಿತ್ತು. ಇಂದಿನ ಬಿಷಪ್ಪರು ಒಳ್ಳೆಯವರು, ನಾಳೆಯವರು ಹೇಗೋ? ಒಂದೊಂದು ಊರಿನ ಬಿಷಪ್ಪರು ಒಂದೊಂದು ಬಗೆಯಾಗಿ ತಿದ್ದಿದರೆ, ಲಿಯೋಂ ಪಟ್ಟಣದಲ್ಲಿ ಆದದ್ದೇ ಮತ್ತೆ ಆಗುವುದಿಲ್ಲವೇ? ವಿನ್ಸೆಂಟರು ಸ್ಥಾಪಿಸಿದ್ದ ಪಾದ್ರಿಗಳ ಸಂಘದ ಮುಖ್ಯಸ್ಥರ ಕೈಕೆಳಗೇ ನಮ್ಮನ್ನು ಇಡಬೇಕೆಂದು ಆಕೆ ವಿನ್ಸೆಂಟರಿಗೆ ಮತ್ತೆ ಮತ್ತೆ ಬರೆದಳು. ವಿನಯಶೀಲರಾದ ಅವರು ಅಷ್ಟೊಂದು ಒತ್ತಾಯ ಮಾಡಲು ಹಿಂಜರಿದರು. ಅಷ್ಟರಲ್ಲಿ ಆ ಮನ್ನಣೆಯ ಕಾಗದಗಳು ಸರ್ಕಾರದ ಕಚೇರಿಯಲ್ಲಿ ಕಳೆದುಹೋದುವು. ಕಚೇರಿಗಳಲ್ಲಿ ಕಾಗದ ಕಳೆಯುವುದರಿಂದ ಜಗತ್ತಿಗೆ ಲಾಭವಾದ ಸಂದರ್ಭಗಳು ವಿರಳ, ಇದು ಅವುಗಳಲ್ಲೊಂದು. ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿ ಬಂದು, 1655ರ ಪತ್ರದಲ್ಲಿ ಲೂಯೀಸಳ ಇಷ್ಟದಂತೆಯೇ ಏರ್ಪಾಡಾಯಿತು. ಕಳವಳದ ಸ್ವಭಾವದವಳೆಂದು ನಾವು ಹೇಳಿದೆವಷ್ಟೆ. ಸಮುದಾಯವನ್ನು ಉಳಿಸಿದ್ದು ಆ ಕಳವಳವೇ.

1660ನೆಯ ಮಾರ್ಚ್ 15ನೆಯ ತೇದಿ ಲೂಯೀಸಳು ತೀರಿಕೊಂಡಳು. ವಿನ್ಸೆಂಟರು ಕಾಲುಗಳ ಬಾಧೆಯಿಂದ ಹಾಸಿಗೆ ಹಿಡಿದಿದ್ದರು. ಅದೇ ಊರಿನಲ್ಲಿದ್ದರೂ ಕಡೆಯ ಭೇಟಿಯಾಗಲಿಲ್ಲ. ಅವರ ಕೈಬರಹದ ಒಂದೆರಡು ಸಾಲನ್ನು ಆಕೆ ಬೇಡಿದಳು. ಅವರು ಅದನ್ನೂ ಬರೆಯದೆ, ಮುಂದೆ ಹೋಗುತ್ತಿರಲಿ, ತಾನೂ ಬೇಗನೆ ಬರುತ್ತೇನೆಂದು ಒಬ್ಬ ಪಾದ್ರಿಯ ಬಾಯಲ್ಲಿ ಹೇಳಿಕಳುಹಿಸಿದರು. ಸೆಪ್ಟೆಂಬರ್ 27ರಂದು ಅವರೂ ಹೊರಟರು. ಆ ಎರಡು ಸಾಲನ್ನು ಅವರು ಬರೆಯಬಾರದಾಗಿತ್ತೇ ಎಂದು ನಮಗೆ ಅನ್ನಿಸುತ್ತದೆ.

1668ರಲ್ಲಿ ರೋಮಿನ ಒಪ್ಪಿಗೆಯೂ ಬಂತು. ಮುಂದಿನ ನೂರಿಪ್ಪತ್ತು ವರ್ಷಗಳು ಬೆಳವಣಿಗೆಯ ಕಾಲ. ವಿವರಕ್ಕೆ ಅಷ್ಟಾಗಿ ಅವಕಾಶವಿಲ್ಲ. ತಲೆಯ ಬಿಳಿಯ ಬಟ್ಟೆ ಮಾತ್ರ ಗಂಜಿ ಕುಡಿದು ಕುಡಿದು ಅಗಲವಾಗಿ, ಕಡೆಗೆ ಹಕ್ಕಿಯ ಎರಡು ರೆಕ್ಕೆಗಳಂತೆ ಚಾಚಿಕೊಂಡಿತು. ಹಳ್ಳಿಯ ಹೆಂಗಸರ ನಡುವೆ ಗುರುತು ಸಿಗಬಾರದೆಂದು ಉಟ್ಟ ಉಡುಪು ಹೀಗೆ ಎಲ್ಲರಿಗಿಂತ ಬೇರೆಯಾಗಿ ಕಾಣುವ ಉಡುಪಾಯಿತು. 1964ರ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟರು.

1789ರ ಕ್ರಾಂತಿ ಬಂದಾಗ ಫ್ರಾನ್ಸಿನಲ್ಲಿ ಈ ಸೋದರಿಯರ ಸಂಖ್ಯೆ 4,000ಕ್ಕೆ ಮಿಕ್ಕಿತ್ತು. 1790ರಲ್ಲಿ ಸಂನ್ಯಾಸದ ದೀಕ್ಷೆಗಳನ್ನೆಲ್ಲ ಕಾನೂನು ರದ್ದುಮಾಡಿತು. ಇವರು ಸಂನ್ಯಾಸಿನಿಯರಲ್ಲವಷ್ಟೆ, ಎರಡು ವರ್ಷ ಉಳಿದರು. 1792ರ ಆಗಸ್ಟಿನಲ್ಲಿ ಉಳಿದ ಸಂಘಗಳೂ ರದ್ದಾದುವು. ಆದರೆ ಆಸ್ಪತ್ರೆಯಲ್ಲಿರುವವರು ಬಿಡಿ ವ್ಯಕ್ತಿಗಳಾಗಿ ಸೇವೆಯನ್ನು ಮುಂದುವರಿಸಬಹುದೆಂದು ಅದೇ ಕಾನೂನು ಹೇಳಿತು. ಎಷ್ಟೋ ಮಂದಿ ಉಡುಪನ್ನು ಬದಲಾಯಿಸಿಕೊಂಡು ಅದೇ ಮಂಚಗಳ ನಡುವೆ ಓಡಾಡುತ್ತಲೇ ಇದ್ದರು. ಆದರೆ ಹೊಸ ಸರ್ಕಾರ ಒಂದು ಪ್ರಮಾಣವಚನವನ್ನು ಕೇಳಿತು. ಹೆಸರನ್ನು ಬಿಡಬಲ್ಲವರು ಎಲ್ಲವನ್ನೂ ಬಿಡಬಲ್ಲರೆಂದು ಅಧಿಕಾರಿಗಳು ಎಣಿಸಿದ್ದರೋ ಏನೋ. ಆಂಜೇ ಪಟ್ಟಣದ ಅದೇ ಸಂತ ಯೊವಾನ್ನರ ಆಸ್ಪತ್ರೆಯ ಮರಿಯಾನ್ ವೈಯೋ, ಓದೀಲ್ ಬೌಮ್‌ಗಾರ್ಟನ್ ಎಂಬ ಇಬ್ಬರು ಪ್ರಮಾಣ ಮಾಡಲೊಲ್ಲೆವೆಂದರು. ನೀವು ಮಾಡಬೇಡಿ, ಮಾಡಿದಿರೆಂದು ನಾನೇ ಹೇಳುತ್ತೇನೆ ಎಂದು ಪಡೆಯ ನಾಯಕನು ಅವರನ್ನು ಉಳಿಸಲು ನೋಡಿದನೆಂಬ ಹೇಳಿಕೆಯಿದೆ. ಅದಕ್ಕೂ ಅವರು ಒಪ್ಪಲಿಲ್ಲ. 1794ನೆಯ ಫೆಬ್ರವರಿ 1ನೆಯ ತೇದಿ ಊರ ಹೊರಗಿನ ಬಯಲಿನಲ್ಲಿ ಇತರರೊಡನೆ ಅವರನ್ನು ಗುಂಡಿಟ್ಟು ಕೊಂದರು. ಅದೇ ವರ್ಷದ ಜೂನ್ 26ರಂದು ಅರಾಸ್ ಪಟ್ಟಣದ ನಾಲ್ವರನ್ನು ಕಾಂಬ್ರೇಯಲ್ಲಿ ಗಿಲೊಟಿನ್ನಿಗೆ ಕೊಟ್ಟರು.

ಆಮೇಲೆ ಆಸ್ಪತ್ರೆಗಳು ಹಾಳುಬಿದ್ದುವು. ಸಂಬಳಕ್ಕೆ ಹಿಡಿದವರಿಂದ ಕೆಲಸ ಸಾಗಲಿಲ್ಲ. 1800ನೆಯ ಡಿಸೆಂಬರ್ 22ನೆಯ ತೇದಿ ಗೃಹಮಂತ್ರಿಯಾದ ಶಾಪ್ತಾಲನು ಹಿಂದಿನ ಮುಖ್ಯಸ್ಥೆಯನ್ನು "ನಾಗರಿಕಳಾದ ದೆಲೋ" ಎಂದು ಸಂಬೋಧಿಸಿ, ಆಸ್ಪತ್ರೆಯ ಸೇವೆಗೆ ಹುಡುಗಿಯರನ್ನು ತರಬೇತು ಮಾಡಲು ಅಪ್ಪಣೆ ಕೊಟ್ಟನು. ಈ ಶಾಪ್ತಾಲನು ರಸಾಯನಶಾಸ್ತ್ರಜ್ಞ. ನೈಟ್ರೊಜನ್ ಎಂಬ ಹೆಸರನ್ನು ಆ ಅನಿಲಕ್ಕೆ ಇಟ್ಟವನು. ಭಕ್ತಿಯಿಂದಲ್ಲ, ಲೆಕ್ಕ ನೋಡಿಯೇ ಅವರನ್ನು ಹಿಂದಕ್ಕೆ ಕರೆದನೆಂದು ಹೇಳಬಹುದು.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ರೊಸಾಲಿ ರಾಂದ್ಯು ಎಂಬ ಸೋದರಿ ಮೂಫ್ತಾರ್ ಬೀದಿಯ ಸುತ್ತಲಿನ ಬಡಕೇರಿಗಳಿಗೆ ತಾಯಿಯಾಗಿದ್ದಳು. 1833ರಲ್ಲಿ ಓಜಾನಾಂ ಮುಂತಾದ ವಿದ್ಯಾರ್ಥಿಗಳು ಬಡವರ ಸೇವೆಗೆಂದು ಒಂದು ಸಂಘ ಕಟ್ಟಿದಾಗ ಅವರಿಗೆ ಮನೆಮನೆಗೆ ಹೋಗುವುದನ್ನು ಕಲಿಸಿದವಳು ಈಕೆ. 1854ರಲ್ಲಿ ಕ್ರಿಮಿಯದ ಯುದ್ಧ ನಡೆದಾಗ ಫ್ರೆಂಚರ ಗಾಯಾಳುಗಳಿಗೆ ಈ ಸೋದರಿಯರ ಶುಶ್ರೂಷೆಯಿತ್ತು. ಇಂಗ್ಲೀಷರ ಗಾಯಾಳುಗಳಿಗೆ ಯಾರೂ ಇರಲಿಲ್ಲ. ಇಂಗ್ಲೆಂಡಿನ ಪತ್ರಿಕೆಗಳಲ್ಲಿ, ನಮಗೇಕೆ ಇಂಥ ಸೋದರಿಯರಿಲ್ಲವೆಂಬ ಪ್ರಶ್ನೆ ಎದ್ದಿತು. ಅದೇ ವರ್ಷ 38 ಮಂದಿ ಹೆಂಗಸರೊಡನೆ ಹೊರಟ ಫ್ಲಾರೆನ್ಸ್ ನೈಟಿಂಗೇಲಳು ಅದರ ಹಿಂದಿನ ವರ್ಷ ಪ್ಯಾರಿಸಿಗೆ ಹೋಗಿ ಇವರ ಕೆಲಸವನ್ನು ಕಣ್ಣಾರೆ ಕಂಡು ಬಂದಿದ್ದಳು.

ಒಬ್ಬರು ದಾಟಿದ ಹೊಸಿಲನ್ನು ಇತರರೂ ದಾಟಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ನೂರಾರು ಸ್ತ್ರೀಸಮುದಾಯಗಳು ಶಾಲೆಗಳಿಗೂ ಆಸ್ಪತ್ರೆಗಳಿಗೂ ಹೊರಟುವು. 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಳ ಹೆಸರಿನ ಆಸ್ಪತ್ರೆಯನ್ನು ತೆರೆದ ಗುಡ್ ಷೆಫರ್ಡ್ ಸೋದರಿಯರದು ಬೇರೆಯೇ ಸಮುದಾಯ, ಬೇರೆಯೇ ಚರಿತ್ರೆ. ಆದರೆ ವ್ರತಸ್ಥೆಯರು ಊರಿನ ನಡುವೆ ಆಸ್ಪತ್ರೆ ನಡಸುವುದು ಆ ಹೊತ್ತಿಗೆ ಯಾರಿಗೂ ಸೋಜಿಗವಾಗಿ ಕಾಣುತ್ತಿರಲಿಲ್ಲ. ಕಡೆಗೆ 1900ನೆಯ ಡಿಸೆಂಬರಿನಲ್ಲಿ ಹದಿಮೂರನೆಯ ಲಿಯೋ ಪೋಪರು, ಆವರಣವಿಲ್ಲದೆ ಸರಳ ವ್ರತಗಳಿಂದ ಬಾಳುವ ಇಂಥ ಸಮುದಾಯಗಳೂ ಧರ್ಮಸಂಘಗಳೇ ಎಂದು ಒಪ್ಪಿಕೊಂಡರು. ಗೋಡೆಯ ಕಟ್ಟಳೆಯಾದ 300ಕ್ಕೂ ಹೆಚ್ಚು ವರ್ಷಗಳ ಮೇಲೆ ಬಾಗಿಲು ಶಾಸ್ತ್ರೋಕ್ತವಾಗಿ ತೆರೆಯಿತು.

ಇನ್ನು ಮೇಲೆ ಸಂನ್ಯಾಸಿನಿಯರಲ್ಲವೆಂದು ಹೇಳಿಕೊಳ್ಳುವ ಅಗತ್ಯ ಕರುಣೆಯ ಪುತ್ರಿಯರಿಗೆ ಇರಲಿಲ್ಲ. ಆದರೂ ಅವರು ಆ ಹೆಸರನ್ನು ತೆಗೆದುಕೊಳ್ಳಲಿಲ್ಲ. ಇಂದು 90ಕ್ಕೂ ಮಿಕ್ಕ ದೇಶಗಳಲ್ಲಿರುವ ಅವರು ಚರ್ಚಿನ ಶಾಸ್ತ್ರದ ಪ್ರಕಾರ ಈಗಲೂ ಸಂನ್ಯಾಸಿನಿಯರಲ್ಲ. ಸೇವೆಗಾಗಿ ಕೂಡಿ ಬಾಳುವವರ ಒಂದು ಸಮಾಜ, ಅಷ್ಟೆ. ದೇವದೂತನು ಮೇರಿಯ ಮನೆಗೆ ಬಂದ ದಿನವೆಂದು ಕ್ರೈಸ್ತರು ಆಚರಿಸುವ ಮಾರ್ಚ್ 25ರ ಹಬ್ಬದಲ್ಲಿ ಅವರ ವ್ರತದ ವಾಯಿದೆ ಮುಗಿದು ಹೊಸದಾಗುತ್ತದೆ. ಐವತ್ತು ವರ್ಷ ಸೇವೆ ಮಾಡಿದ ವೃದ್ಧೆಯೂ ಮೊನ್ನೆ ಮೊದಲ ಸಲ ವ್ರತ ಹಿಡಿದ ತರುಣಿಯೂ ಆ ಬೆಳಗ್ಗೆ ಅದೇ ನಾಲ್ಕು ವ್ರತಗಳನ್ನು ಮತ್ತೆ ಹೇಳುತ್ತಾರೆ, ಇನ್ನೊಂದು ವರ್ಷದ ಮಟ್ಟಿಗೆ.